ಯಾರ ಜೇಬಿನ ಲೆಕ್ಕ?

ಬೇಸ್‌ಬಾಲ್ ಆಟದ ಬಗ್ಗೆ ನನಗೆ ಗೊತ್ತಿರುವುದು ಅಷ್ಟಕ್ಕಷ್ಟೆ. ಆದರೆ ಆ ಆಟದ ಅಭಿಮಾನಿಗಳು ಜಗಳವಾಡುವುದನ್ನು ಒಂದು ತಿಂಗಳ ಕಾಲ ಕೂತು ಕೇಳಿದ್ದೇನೆ. 2023ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ನನ್ನ ಅಕ್ಕನ ಮಗನ ಮನೆಗೆ ಹೋಗಿದ್ದೆ. ರಾತ್ರಿ ಊಟವಾದ ಮೇಲೆ ಅವನೂ ಅವನ ಜೊತೆ ಕೆಲಸ ಮಾಡುವ ಹುಬ್ಬಳ್ಳಿ ಕಡೆಯ ಗೆಳೆಯನೂ ಟಿ.ವಿ. ಮುಂದೆ ಕೂತರೆ ಮಾತೆಲ್ಲ ಓಕ್ಲೆಂಡ್ ಅಥ್ಲೆಟಿಕ್ಸ್ ತಂಡದ್ದು. ‘ಅವನಿಗೆ ಅಷ್ಟು ಕೊಡೋದು ದಂಡ’, ‘ಇವನ ವಯಸ್ಸು ಮೂವತ್ತಾಯ್ತು, ಬೆಲೆ ಇರುವಾಗಲೇ ಸಾಗಹಾಕಬೇಕು’, ‘ಅವನೊಬ್ಬನ ಬದಲು ಇಬ್ಬರು ಹುಡುಗರು ಬರ್ತಾರೆ’. ನಾನು ಎರಡು ದಿನ ಕೇಳಿ ಮೂರನೆಯ ದಿನ, ‘ಬೇಟಾ, ಈ ತಂಡದಲ್ಲಿ ನಿನ್ನ ಪಾಲು ಎಷ್ಟು?’ ಎಂದು ಕೇಳಿದೆ. ಅವನಿಗೆ ಅರ್ಥವಾಗಲಿಲ್ಲ. ‘ಪಾಲು ಅಂದ್ರೆ? ನಾನು ಬರೀ ಅಭಿಮಾನಿ ಮಾಮೂ’ ಎಂದ.

ತಮಾಷೆಗೆ ಕೇಳಿದ ಆ ಪ್ರಶ್ನೆ ಆಮೇಲೆ ನನ್ನನ್ನೇ ಹಿಡಿದುಕೊಂಡಿತು.

ಜಗಳ ಏನೆಂದು ಮೊದಲು ಹೇಳಬೇಕು. ಅಮೆರಿಕದ ಮೇಜರ್ ಲೀಗ್‌ನಲ್ಲಿ 30 ತಂಡಗಳಿವೆ. ಒಂದು ತಂಡ ತನ್ನ ಆಟಗಾರರಿಗೆ ಇಷ್ಟೇ ಸಂಬಳ ಕೊಡಬೇಕೆಂಬ ಕಡ್ಡಾಯದ ಮಿತಿ ಅಲ್ಲಿಲ್ಲ. ಒಂದು ಗಡಿ ದಾಟಿದರೆ ತೆರಿಗೆ ಕಟ್ಟಬೇಕು, ಅಷ್ಟೆ. ಹಾಗಾಗಿ ನ್ಯೂಯಾರ್ಕಿನ ಯಾಂಕೀಸ್‌ನಂತಹ ಶ್ರೀಮಂತ ತಂಡ 2002ರಲ್ಲಿ ಸುಮಾರು 12.5 ಕೋಟಿ ಡಾಲರ್ ಸಂಬಳ ಕೊಡುತ್ತಿದ್ದಾಗ ಓಕ್ಲೆಂಡ್ ಕೊಡುತ್ತಿದ್ದದ್ದು ಸುಮಾರು 4 ಕೋಟಿ. ಅದಕ್ಕೂ ಹಿಂದಿನ ವರ್ಷದ ಕೊನೆಗೆ ಓಕ್ಲೆಂಡ್‌ನ ಅತ್ಯುತ್ತಮ ಆಟಗಾರ ಜೇಸನ್ ಜಿಯಾಂಬಿಯನ್ನು ಯಾಂಕೀಸ್ 7 ವರ್ಷಕ್ಕೆ 12 ಕೋಟಿ ಡಾಲರ್ ಕೊಟ್ಟು ಕರೆದುಕೊಂಡು ಹೋಗಿತ್ತು. ಓಕ್ಲೆಂಡ್‌ನ ವ್ಯವಸ್ಥಾಪಕ ಬಿಲ್ಲಿ ಬೀನ್ ಆಗ ಮಾಡಿದ್ದು ಈಗ ಜಗತ್ತಿಗೆಲ್ಲ ಗೊತ್ತಿರುವ ಕಥೆ. ಮೈಕೆಲ್ ಲೂಯಿಸ್ 2003ರಲ್ಲಿ ‘ಮನಿಬಾಲ್’ ಎಂಬ ಪುಸ್ತಕ ಬರೆದರು, 2011ರಲ್ಲಿ ಬ್ರಾಡ್ ಪಿಟ್ ಅಭಿನಯದ ಸಿನಿಮಾ ಬಂತು. ಬೀನ್ ಕಂಡುಕೊಂಡದ್ದು ಇಷ್ಟು: ಸಂತೆಯಲ್ಲಿ ಎಲ್ಲರೂ ಯಾವುದಕ್ಕೆ ಮುಗಿಬೀಳುತ್ತಾರೋ ಅದು ದುಬಾರಿ, ಯಾರೂ ನೋಡದೆ ಬಿಟ್ಟದ್ದು ಅಗ್ಗ. ಬೇಸ್‌ಬಾಲ್‌ನಲ್ಲಿ ಪಿಚರ್ ನಾಲ್ಕು ಚೆಂಡುಗಳನ್ನು ಗುರಿತಪ್ಪಿ ಎಸೆದು, ಬ್ಯಾಟ್ಸ್‌ಮನ್ ಆಸೆಗೆ ಬೀಳದೆ ಅವನ್ನು ಬಿಟ್ಟರೆ ಅವನಿಗೆ ಮೊದಲ ಬೇಸ್ ಪುಕ್ಕಟೆ ಸಿಗುತ್ತದೆ. ಚೆಂಡನ್ನು ಆಕಾಶಕ್ಕೆ ಹೊಡೆಯುವವನಿಗೆ ಕೋಟಿ, ಹೀಗೆ ತಾಳ್ಮೆಯಿಂದ ಕಾದು ನಡೆದುಹೋಗುವವನಿಗೆ ಪುಡಿಗಾಸು. ಬೀನ್ ಈ ತಾಳ್ಮೆಯವರನ್ನು ಕೊಂಡರು. ಮೊಣಕೈಯ ನರ ಕೆಟ್ಟು ಚೆಂಡೆಸೆಯಲಾಗದೆ ಯಾರಿಗೂ ಬೇಡವಾಗಿದ್ದ ಸ್ಕಾಟ್ ಹ್ಯಾಟಿಬರ್ಗ್‌ನನ್ನು ಕರೆತಂದು, ಅವನು ಎಂದೂ ನಿಲ್ಲದ ಮೊದಲ ಬೇಸ್‌ನಲ್ಲಿ ನಿಲ್ಲಿಸಿದರು.

ಆ ವರ್ಷ ಓಕ್ಲೆಂಡ್ ಸತತ 20 ಪಂದ್ಯ ಗೆದ್ದಿತು. ಇಪ್ಪತ್ತನೆಯ ಪಂದ್ಯದಲ್ಲಿ 11-0 ಮುಂದಿದ್ದ ತಂಡ 11-11ಕ್ಕೆ ಬಂದು ನಿಂತಾಗ, ಕೊನೆಯಲ್ಲಿ ಚೆಂಡನ್ನು ಬೇಲಿಯಾಚೆ ಹೊಡೆದು ಗೆಲ್ಲಿಸಿದವನು ಅದೇ ಹ್ಯಾಟಿಬರ್ಗ್. ಋತುವಿನ ಕೊನೆಗೆ ಓಕ್ಲೆಂಡ್ 103 ಗೆಲುವು, ಯಾಂಕೀಸ್ ಕೂಡ 103 ಗೆಲುವು. ಕಥೆ ಬರೆಯುವವನಾಗಿ ನಾನು ಈ ಘಟನೆಗೆ ಮನಸೋಲದೆ ಇರಲಾರೆ. ಎಸೆದ ಕಲ್ಲೇ ಮೂಲೆಗಲ್ಲಾಗುವ ಕಥೆಯನ್ನು ಯಾರು ಬೇಡವೆನ್ನುತ್ತಾರೆ? (ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಮಿನೆಸೋಟಾ ತಂಡದ ಎದುರು ಓಕ್ಲೆಂಡ್ ಸೋತುಹೋಯಿತು. ಸಿನಿಮಾ ನೋಡಿದವರು ಅದನ್ನು ಅಷ್ಟಾಗಿ ನೆನಪಿಟ್ಟುಕೊಳ್ಳುವುದಿಲ್ಲ.)

ನನ್ನ ಅಳಿಯನ ವಾದ ಇಲ್ಲಿಂದಲೇ ಶುರುವಾಗುತ್ತದೆ. ದುಡ್ಡು ಚೆಲ್ಲಿ ಗೆಲ್ಲುವುದರಲ್ಲಿ ಏನಿದೆ, ಬುದ್ಧಿಯಿಂದ ಗೆಲ್ಲಬೇಕು ಎನ್ನುತ್ತಾನೆ. ಅವನ ಗೆಳೆಯನದು ಬೇರೆ ಮಾತು: ಬುದ್ಧಿಯ ಹೆಸರಿನಲ್ಲಿ ಜಿಪುಣತನವನ್ನು ಮಾರುತ್ತಿದ್ದಾರೆ. ಇಬ್ಬರ ಮಾತಿನಲ್ಲೂ ಸತ್ಯವಿದೆ ಎಂದು ಹೇಳಿ ಎದ್ದುಹೋಗುವುದು ಸುಲಭ. ಆದರೆ ನನಗೆ ಅವರಿಬ್ಬರ ನಡುವಿನ ವ್ಯತ್ಯಾಸಕ್ಕಿಂತ ಅವರಿಬ್ಬರಲ್ಲಿ ಸಮಾನವಾಗಿದ್ದದ್ದೇ ಹೆಚ್ಚು ವಿಚಿತ್ರವಾಗಿ ಕಂಡಿತು. ಇಬ್ಬರೂ ಮೈದಾನವನ್ನು ನೋಡುತ್ತಿದ್ದದ್ದು ಮಾಲೀಕನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು. ತಿಂಗಳ ಬಾಡಿಗೆಗೆ ತಾನೇ ಏದುಸಿರು ಬಿಡುವ ಹುಡುಗ ಶತಕೋಟ್ಯಧೀಶನೊಬ್ಬನ ದುಡ್ಡು ಉಳಿಯಿತೆಂದು ಹಿಗ್ಗುತ್ತಾನೆ. ಆಟಗಾರ ಹೆಚ್ಚು ಕೇಳಿದರೆ ಅದು ದುರಾಸೆ, ಮಾಲೀಕ ಕಡಿಮೆ ಕೊಟ್ಟರೆ ಅದು ಜಾಣತನ.

ನಮ್ಮಲ್ಲೇನು ಕಡಿಮೆ? ಐಪಿಎಲ್ ಹರಾಜಿನ ದಿನ ಚಹಾದಂಗಡಿಯಲ್ಲಿ ನಿಂತು ನೋಡಿ. 2024ರ ನವೆಂಬರ್‌ನಲ್ಲಿ ಜಿದ್ದಾದಲ್ಲಿ ರಿಷಭ್ ಪಂತ್‌ಗೆ 27 ಕೋಟಿ ರೂಪಾಯಿ ಎಂದು ಸುತ್ತಿಗೆ ಬಿದ್ದಾಗ, ಕಡ ಹೇಳಿ ಚಹಾ ಕುಡಿಯುತ್ತಿದ್ದವನೂ ‘ಜಾಸ್ತಿ ಆಯ್ತು’ ಎಂದು ತಲೆಯಾಡಿಸಿದ. ಆ ಜಾಸ್ತಿ ಯಾರ ಜೇಬಿಗೆ ಭಾರ ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಈ ಮಾತಿಗೆ ಒಬ್ಬ ಮನುಷ್ಯನ ಇತಿಹಾಸವಿದೆ. ಓಕ್ಲೆಂಡ್‌ನಲ್ಲೇ ಬೆಳೆದ ಕಪ್ಪು ಜನಾಂಗದ ಆಟಗಾರ ಕರ್ಟ್ ಫ್ಲಡ್. ಅವನ ಕಾಲದಲ್ಲಿ ಒಮ್ಮೆ ಒಂದು ತಂಡಕ್ಕೆ ಸಹಿ ಹಾಕಿದ ಆಟಗಾರ ಆ ತಂಡ ಬಿಡುವವರೆಗೆ ಅದರ ಸ್ವತ್ತು. ಒಪ್ಪಂದ ಮುಗಿದರೂ ಬೇರೆ ಕಡೆ ಹೋಗುವಂತಿಲ್ಲ. ಆದರೆ ತಂಡ ಅವನನ್ನು ಯಾರಿಗೆ ಬೇಕಾದರೂ ಕೊಡಬಹುದು. 1969ರಲ್ಲಿ ಸೇಂಟ್ ಲೂಯಿಸ್ ತಂಡ, ಹನ್ನೆರಡು ವರ್ಷ ತನಗಾಗಿ ಆಡಿದ್ದ ಫ್ಲಡ್‌ನನ್ನು ಫಿಲಡೆಲ್ಫಿಯಾಗೆ ಕೊಟ್ಟುಬಿಟ್ಟಿತು. ಫ್ಲಡ್ ಹೋಗಲಿಲ್ಲ. ತನ್ನನ್ನು ಕೊಂಡು ಮಾರುವ ವಸ್ತುವೆಂದು ಭಾವಿಸಿಲ್ಲವೆಂದು ಲೀಗ್‌ನ ಕಮಿಷನರ್‌ಗೆ ಪತ್ರ ಬರೆದು ಮೊಕದ್ದಮೆ ಹೂಡಿದ. ಅವನ ಸಂಬಳ ವರ್ಷಕ್ಕೆ 90,000 ಡಾಲರ್, ಆ ದಿನಗಳಲ್ಲಿ ದೊಡ್ಡ ಮೊತ್ತ. ಅಷ್ಟು ಸಂಬಳ ಪಡೆಯುವವನಿಗೆ ಗುಲಾಮಗಿರಿಯ ಮಾತೇಕೆ ಎಂದು ಟೆಲಿವಿಷನ್‌ನಲ್ಲಿ ಕೇಳಿದಾಗ, ಸಂಬಳ ಚೆನ್ನಾಗಿದ್ದ ಮಾತ್ರಕ್ಕೆ ಗುಲಾಮ ಗುಲಾಮನಲ್ಲದೆ ಹೋಗುವುದಿಲ್ಲ ಎಂಬರ್ಥದ ಉತ್ತರ ಕೊಟ್ಟ. 1972ರಲ್ಲಿ ಸುಪ್ರೀಂ ಕೋರ್ಟ್ 5-3ರಲ್ಲಿ ಅವನ ವಿರುದ್ಧ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಅವನ ಆಟ ಮುಗಿದಿತ್ತು. 1975ರಲ್ಲಿ ಬೇರೆ ಇಬ್ಬರು ಆಟಗಾರರ ಪ್ರಕರಣದಲ್ಲಿ ಮಧ್ಯಸ್ಥಗಾರರೊಬ್ಬರು ಆ ಬೇಡಿಯನ್ನು ಕಳಚಿದರು. ಇಂದಿನ ಕೋಟಿಗಳೆಲ್ಲ ಆ ದಾರಿಯಿಂದ ಬಂದವು. ಮಾಲೀಕರೂ ಸುಮ್ಮನೆ ಕೂರಲಿಲ್ಲ. 1985ರಿಂದ ಮೂರು ಚಳಿಗಾಲ, ಒಬ್ಬರ ಆಟಗಾರನನ್ನು ಇನ್ನೊಬ್ಬರು ಕೇಳಬಾರದೆಂದು ಒಳಗೊಳಗೇ ಮಾತಾಡಿಕೊಂಡು ಸಿಕ್ಕಿಬಿದ್ದು, ಕೊನೆಗೆ 28 ಕೋಟಿ ಡಾಲರ್ ಪರಿಹಾರ ಕಟ್ಟಿದರು.

ಹಾಗಾದರೆ ಶ್ರೀಮಂತ ತಂಡವೇ ಯಾವಾಗಲೂ ಗೆಲ್ಲುವುದು ನ್ಯಾಯವೇ? ನಾನು ಊರಿಗೆ ಮರಳಿದ ಮೇಲೆ ಈ ಜಗಳ ಫೋನಿನಲ್ಲಿ ಮುಂದುವರಿಯಿತು. 2023ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ತಂಡ ಜಪಾನಿನ ಶೋಹೆ ಒಹ್ತಾನಿಯನ್ನು 10 ವರ್ಷಕ್ಕೆ 70 ಕೋಟಿ ಡಾಲರ್‌ಗೆ ಒಪ್ಪಿಸಿತು. ಅದರಲ್ಲಿ 68 ಕೋಟಿಯನ್ನು ಆ ಹತ್ತು ವರ್ಷ ಮುಗಿದ ಮೇಲೆ ಕೊಡುವುದಂತೆ. 2024ರಲ್ಲೂ 2025ರಲ್ಲೂ ಡಾಡ್ಜರ್ಸ್ ವಿಶ್ವ ಸರಣಿ ಗೆದ್ದಿತು. ಆಟ ಹಾಳಾಯಿತು, ಸಂಬಳಕ್ಕೆ ಮಿತಿ ಹಾಕಬೇಕು ಎಂದು ಅಳಿಯ ಸಿಟ್ಟಾದ. ಗೆಳೆಯ ನ್ಯೂಯಾರ್ಕ್ ಮೆಟ್ಸ್‌ನ ಉದಾಹರಣೆ ಕೊಟ್ಟ: ಹ್ವಾನ್ ಸೋಟೊಗೆ 15 ವರ್ಷಕ್ಕೆ 76.5 ಕೋಟಿ ಡಾಲರ್ ಒಪ್ಪಿದ ತಂಡ 2025ರಲ್ಲಿ ಪ್ಲೇಆಫ್ ತಲುಪಲೇ ಇಲ್ಲ. ಆ ವರ್ಷ ಅತಿ ಹೆಚ್ಚು, 97 ಪಂದ್ಯ ಗೆದ್ದದ್ದು ಸಣ್ಣ ಊರಿನ ಮಿಲ್ವಾಕಿ ತಂಡ. ಹಾಗೆಂದು ಅಳಿಯ ಸಂಭ್ರಮಿಸುವಷ್ಟರಲ್ಲಿ ಅದೇ ಡಾಡ್ಜರ್ಸ್ ಮಿಲ್ವಾಕಿಯನ್ನು 4-0 ಸೋಲಿಸಿ ಕಳಿಸಿತು.

ಮಿತಿ ಎಂಬ ಮಾತು ಕೇಳಲು ಸಮಾನತೆಯಂತೆ ಇರುತ್ತದೆ. ಆದರೆ ಮಿತಿ ಬೀಳುವುದು ದುಡಿಯುವವನು ಪಡೆಯುವುದಕ್ಕೆ. ಮಾಲೀಕ ಉಳಿಸಿಕೊಳ್ಳುವುದಕ್ಕೆ ಮಿತಿ ಹಾಕಿ ಎಂದು ಯಾವ ಮಾಲೀಕನೂ ಕೇಳಿದ್ದಿಲ್ಲ. 1994ರಲ್ಲಿ ಇದೇ ಮಿತಿಯ ವಿಷಯಕ್ಕೆ ಆಟಗಾರರು ಮುಷ್ಕರ ಹೂಡಿ ಆ ವರ್ಷದ ವಿಶ್ವ ಸರಣಿಯೇ ನಡೆಯಲಿಲ್ಲ. ಶ್ರೀಮಂತ ತಂಡಗಳ ಆದಾಯದಲ್ಲಿ ಬಡ ತಂಡಗಳಿಗೆ ಪಾಲು ಕೊಡುವ ಪದ್ಧತಿ ಅಲ್ಲಿದೆ. ಒಳ್ಳೆಯದೇ. ಆದರೆ ಆ ಪಾಲು ಮೈದಾನಕ್ಕೆ ಇಳಿಯುತ್ತಿಲ್ಲ ಎಂದು 2018ರಲ್ಲಿ ಆಟಗಾರರ ಸಂಘ ನಾಲ್ಕು ತಂಡಗಳ ಮೇಲೆ ದೂರು ಕೊಟ್ಟಿತು. ನಾಲ್ಕರಲ್ಲಿ ಒಂದು ಓಕ್ಲೆಂಡ್. ಇಪ್ಪತ್ತು ವರ್ಷ ‘ನಾವು ಬಡವರು, ಆದರೆ ಜಾಣರು’ ಎಂದು ಹೆಮ್ಮೆಪಟ್ಟ ಅಭಿಮಾನಿಗೆ, ಆ ಬಡತನ ನಿಜವೋ ಅಥವಾ ಯಾರೋ ತೊಡಿಸಿದ ವೇಷವೋ ಎಂಬ ಅನುಮಾನ ಬಂದಾಗ ಏನಾಗುತ್ತದೆ?

ಅದನ್ನು ನಾನು ಕಣ್ಣಾರೆ ಕಂಡೆ. 2023ರ ಜೂನ್ 13ರ ಸಂಜೆ ಅಳಿಯ ನನ್ನನ್ನು ರೈಲಿನಲ್ಲಿ ಓಕ್ಲೆಂಡ್ ಕಾಲೀಸಿಯಂಗೆ ಕರೆದುಕೊಂಡು ಹೋದ. ತಂಡವನ್ನು ಲಾಸ್ ವೇಗಸ್‌ಗೆ ಒಯ್ಯಲು ಮಾಲೀಕ ಜಾನ್ ಫಿಶರ್ ಹೊರಟಿದ್ದರು. ಒಳ್ಳೆಯ ಆಟಗಾರರನ್ನೆಲ್ಲ ಒಬ್ಬೊಬ್ಬರಾಗಿ ಸಾಗಹಾಕಿ ಆಗಿತ್ತು. ಆ ವರ್ಷ ಓಕ್ಲೆಂಡ್ 112 ಪಂದ್ಯ ಸೋತಿತು. ಹತ್ತು ಸಾವಿರ ಜನ ಕೂಡ ಬಾರದ ಮೈದಾನಕ್ಕೆ, ‘ಜನ ಬರುವುದಿಲ್ಲ, ಅದಕ್ಕೇ ಹೋಗುತ್ತೇವೆ’ ಎಂಬ ಮಾತನ್ನು ಸುಳ್ಳು ಮಾಡಲೆಂದೇ ಆ ದಿನ 27,759 ಜನ ಬಂದರು. ಬಹಿಷ್ಕಾರವನ್ನು ತಿರುಗಿಸಿ ಹಾಕಿದಂತೆ. ಎಲ್ಲೆಲ್ಲೂ ಹಸಿರು ಅಂಗಿ, ಅಂಗಿಯ ಮೇಲೆ ‘ಸೆಲ್’ ಎಂಬ ಒಂದೇ ಪದ. ಮಾರಿಬಿಡು, ತಂಡವನ್ನು ಬೇರೆ ಯಾರಿಗಾದರೂ ಮಾರಿಬಿಡು ಎಂದು ಇಡೀ ಸಂಜೆ ಕೂಗಿದರು. ವರ್ಷವಿಡೀ ಆಟಗಾರರನ್ನು ಮಾರುವ ಲೆಕ್ಕ ಹಾಕುತ್ತಿದ್ದ ನನ್ನ ಅಳಿಯ ಈಗ ಮಾಲೀಕನನ್ನೇ ಮಾರಲು ಕೂಗುತ್ತಿದ್ದ. ಅವನ ಕಣ್ಣಲ್ಲಿ ನೀರಿತ್ತು. ಓಕ್ಲೆಂಡ್ 2-1ರಲ್ಲಿ ಗೆದ್ದಿತು. ಐದು ತಿಂಗಳ ನಂತರ ಉಳಿದ ಮಾಲೀಕರೆಲ್ಲ ಸರ್ವಾನುಮತದಿಂದ ತಂಡದ ವಲಸೆಗೆ ಒಪ್ಪಿಗೆ ಕೊಟ್ಟರು. 2024ರ ಸೆಪ್ಟೆಂಬರ್ 26ರಂದು ಅಲ್ಲಿ ಕೊನೆಯ ಪಂದ್ಯ ನಡೆಯಿತು.

ಆ ಸಂಜೆ ಜನರ ನಡುವೆ ಕೂತಿದ್ದಾಗ ನನಗೆ ನೆನಪಾದದ್ದು ಬೇಸ್‌ಬಾಲ್ ಅಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮೂರಿನ ಒಂದು ಖಾಸಗಿ ಶಾಲೆಯ ಕಮಿಟಿಯಲ್ಲಿ ನಾನಿದ್ದೆ. ಸರ್ಕಾರದ ಅನುದಾನವಿಲ್ಲದ ಶಾಲೆ, ಸಂಬಳ ಕಮಿಟಿಯೇ ಕೊಡಬೇಕು. ಅಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗಣಿತ ಹೇಳುತ್ತಿದ್ದ ಒಬ್ಬ ಮಾಸ್ತರರಿದ್ದರು. ವರ್ಷ ವರ್ಷ ಏರುತ್ತ ಅವರ ಸಂಬಳ ಉಳಿದವರದಕ್ಕಿಂತ ದುಪ್ಪಟ್ಟಾಗಿತ್ತು. ಒಂದು ಭಾನುವಾರ, ಅಸರ್ ನಮಾಜಿನ ನಂತರದ ಮೀಟಿಂಗ್‌ನಲ್ಲಿ ಖರ್ಚಿನ ಪಟ್ಟಿ ಓದುವಾಗ ‘ಇವರೊಬ್ಬರ ಸಂಬಳದಲ್ಲಿ ಬಿ.ಎಡ್. ಆದ ಇಬ್ಬರು ಹೊಸಬರು ಬರ್ತಾರೆ’ ಎಂದವನು ನಾನೇ. ಯಾರೂ ನನ್ನಿಂದ ಆ ಮಾತು ಕೇಳಿರಲಿಲ್ಲ. ಆ ದುಡ್ಡಿನಲ್ಲಿ ನನ್ನದು ಒಂದು ಪೈಸೆ ಇರಲಿಲ್ಲ. ಕತೆಗಾರರೆಂದು ಕಮಿಟಿಗೆ ಸೇರಿಸಿಕೊಂಡಿದ್ದರು, ಲೆಕ್ಕವೂ ಬರುತ್ತದೆಂದು ತೋರಿಸುವ ಚಪಲ. ಅಧ್ಯಕ್ಷರು ಮೆಚ್ಚುಗೆಯಿಂದ ನೋಡಿದರು. ಮಾಸ್ತರರು ಜೂನ್‌ನಲ್ಲಿ ಶಾಲೆಗೆ ಬರಲಿಲ್ಲ.

ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಇಲ್ಲದಿದ್ದರೆ ಈ ಲೇಖನ ಸುಳ್ಳಾಗುತ್ತದೆ. ನನ್ನ ಲೆಕ್ಕ ತಪ್ಪಿರಲಿಲ್ಲ. ಹೊಸ ಹುಡುಗಿಯರಿಬ್ಬರೂ ಚೆನ್ನಾಗಿ ಪಾಠ ಮಾಡಿದರು, ಮರುವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಮೊದಲಿಗಿಂತ ಮೇಲಾಯಿತು. ಆ ಇಬ್ಬರಿಗೂ ಕೆಲಸದ ಅಗತ್ಯ ಅವರಷ್ಟೇ ಇತ್ತು. ಹೂಸ್ಟನ್ ತಂಡ 2013ರಲ್ಲಿ ಅಗ್ಗದ ಹುಡುಗರನ್ನು ಇಟ್ಟುಕೊಂಡು 111 ಪಂದ್ಯ ಸೋತು, ಕಾದು, 2017ರಲ್ಲಿ ವಿಶ್ವ ಸರಣಿ ಗೆದ್ದಾಗ ಎಲ್ಲರೂ ಅದರ ಯೋಜನೆಯನ್ನು ಹೊಗಳಿದರು. ಆ ವರ್ಷವೇ ಅವರು ಕ್ಯಾಮೆರಾ ಇಟ್ಟು ಎದುರಾಳಿಯ ಸನ್ನೆಗಳನ್ನು ಕದ್ದದ್ದು ಆಮೇಲೆ ಬಯಲಾದಾಗ ಅದೇ ಜನ ಬೈದರು. ಫಲಿತಾಂಶ ಕೆಟ್ಟದಾಗಿದ್ದರೆ ನಾವು ಬೇಗ ಪಶ್ಚಾತ್ತಾಪ ಪಡುತ್ತೇವೆ. ಒಳ್ಳೆಯದಾಗಿಬಿಟ್ಟರೆ? ನನ್ನ ಮಾತು ತಪ್ಪು ಎಂದು ತೋರಿಸುವ ಅಂಕಿ ನನ್ನ ಬಳಿ ಒಂದೂ ಇಲ್ಲ. ತಪ್ಪು ಅಂಕಿಯಲ್ಲಿರಲಿಲ್ಲ. ನನಗೆ ಸೇರದ ದುಡ್ಡನ್ನು ಕಾಯುವುದಕ್ಕೆ, ನನ್ನ ಎದುರು ಕೂತು ಚಹಾ ಕುಡಿದ ಮನುಷ್ಯನನ್ನು ನಾನು ಒಂದು ಬೆಲೆಯಾಗಿ ಓದಿದೆನಲ್ಲ, ಅಲ್ಲಿತ್ತು.

ಅಮೆರಿಕದಿಂದ ಬಂದ ವರ್ಷ ಒಂದು ಮದುವೆಯಲ್ಲಿ ಮಾಸ್ತರರು ಸಿಕ್ಕರು. ಮನೆಯಲ್ಲಿ ಟ್ಯೂಷನ್ ಹೇಳುತ್ತಿದ್ದಾರಂತೆ. ಒಂದೇ ದಸ್ತರಖಾನಿಗೆ ಕೂತೆವು. ಅಂದಿನ ಮೀಟಿಂಗ್‌ನಲ್ಲಿ ಮಾತಾಡಿದವನು ನಾನೆಂದು ಅವರಿಗೆ ಗೊತ್ತೋ ಇಲ್ಲವೋ ನನಗೆ ತಿಳಿಯದು. ಬಿರಿಯಾನಿಯ ತಟ್ಟೆಯನ್ನು ನನ್ನತ್ತ ಸರಿಸಿ ಕೇಳಿದರು:

‘ಈ ಸಲ ನಮ್ಮ ಶಾಲೆಯ ರಿಸಲ್ಟ್ ಎಷ್ಟು ಬಂತು ಸಾಹೇಬ್ರೇ?’

ತೊಂಬತ್ತೊಂದು ಪರ್ಸೆಂಟ್ ಎಂದೆ.

‘ಗಣಿತದಲ್ಲಿ?’

ಗಣಿತದಲ್ಲಿ ಒಬ್ಬರೂ ಫೇಲಾಗಿಲ್ಲ ಎಂದೆ. ಅವರು ‘ಮಾಷಾ ಅಲ್ಲಾಹ್’ ಎಂದು, ಪಕ್ಕದಲ್ಲಿದ್ದ ಮೊಮ್ಮಗನಿಗೆ ‘ಕೇಳಿಸ್ತೇನೋ? ನಮ್ಮ ಶಾಲೆ’ ಎಂದರು.