ಸಾಕ್ಷಿ ಯಾರು?

ಸಾಕ್ಷಿ ಎಂಬ ಮಾತು ನಮ್ಮ ಭಾಷೆಯಲ್ಲಿ ಎರಡು ಕಡೆ ದುಡಿಯುತ್ತದೆ. ನ್ಯಾಯಾಲಯದ ಕಟಕಟೆಯಲ್ಲಿ ನಿಂತು ಕಂಡದ್ದನ್ನು ಕಂಡಂತೆ ಹೇಳುವವನು ಸಾಕ್ಷಿ. ವೇದಾಂತಿಗಳ ಮಾತಿನಲ್ಲಿ, ಒಳಗಿದ್ದು ಎಲ್ಲವನ್ನೂ ಅರಿಯುವ ಚೈತನ್ಯವೂ ಸಾಕ್ಷಿಯೇ. ಅದ್ವೈತಿಗಳು ಈ ಮಾತನ್ನು ಒಂದು ಅರ್ಥದಲ್ಲಿ ಬಳಸಿದರೆ, ಜಗತ್ತು ಸತ್ಯವೆಂದು ಸಾರಿದ ಮಧ್ವಾಚಾರ್ಯರ ಪರಂಪರೆಯವರು ಇನ್ನೊಂದು ಅರ್ಥದಲ್ಲಿ ಬಳಸುತ್ತಾರೆ. ಈಚೆಗೆ ಈ ಪದವನ್ನು ಮೂರನೆಯ ಕೆಲಸಕ್ಕೂ ಹಚ್ಚಲಾಗಿದೆ. “ನೋಡುವವನಿಲ್ಲದೆ ನೋಟವಿಲ್ಲವೆಂದು ಕ್ವಾಂಟಮ್ ವಿಜ್ಞಾನವೇ ಒಪ್ಪಿದೆ, ನಮ್ಮ ಹಿರಿಯರು ಹೇಳಿದ ಮಾಯೆ ಈಗ ಪ್ರಯೋಗಶಾಲೆಯಲ್ಲಿ ಸಿದ್ಧವಾಗಿದೆ” ಎಂಬ ಮಾತನ್ನು ಉಪನ್ಯಾಸಗಳಲ್ಲೋ ಊಟದ ಪಂಕ್ತಿಯಲ್ಲೋ ಕೇಳದವರು ವಿರಳ. ಮಾತು ಹಿತವಾಗಿದೆ, ನಿಜ. ಆದರೆ ಹೀಗೆ ಹೇಳಲು ನಮಗೆ ಅಧಿಕಾರವಿದೆಯೇ?

ಮೊದಲು ವಿಜ್ಞಾನದ ಮಾತನ್ನು ನೋಡೋಣ. ಎಲೆಕ್ಟ್ರಾನಿನಂಥ ಸೂಕ್ಷ್ಮ ಕಣವು ಅಳೆಯುವವರೆಗೆ ಇಲ್ಲೂ ಅಲ್ಲೂ ಇರುವ ಬೆರಕೆ ಸ್ಥಿತಿಯಲ್ಲಿರಬಲ್ಲದು. ಅಳೆದಾಗ ಮಾತ್ರ ಒಂದೇ ಉತ್ತರ. ನಾವು ಬಿ.ಎಸ್ಸಿ. ತರಗತಿಯಲ್ಲಿ ಇದನ್ನು ಬಾಯಿಪಾಠ ಮಾಡಿ ಅಂಕ ಗಳಿಸಿದೆವು. ದಿಗಿಲುಪಡಲು ಪಠ್ಯಕ್ರಮದಲ್ಲಿ ಸಮಯವಿರಲಿಲ್ಲ. ದಿಗಿಲುಪಟ್ಟವರು ಆ ಸಮೀಕರಣವನ್ನು ಬರೆದ ಶ್ರೋಡಿಂಗರ್ ಅವರೇ. ಪೆಟ್ಟಿಗೆಯೊಳಗಿನ ಬೆಕ್ಕು ಸತ್ತೂ ಬದುಕಿಯೂ ಇರಬೇಕಾದೀತು ಎಂದು ಅವರು 1935ರಲ್ಲಿ ಬರೆದದ್ದು, ಹಾಗೆ ಇರುತ್ತದೆಂದು ಸಾರಲು ಅಲ್ಲ. ಸೂಕ್ಷ್ಮ ಲೋಕದ ನಿಯಮವನ್ನು ಮನೆಯಂಗಳಕ್ಕೆ ಎಳೆದು ತಂದರೆ ಎಂಥ ಅಸಂಬದ್ಧಕ್ಕೆ ಬಂದು ನಿಲ್ಲುತ್ತೇವೆ ಎಂದು ತೋರಿಸಲು. ಅವರು ವೇದಾಂತವನ್ನು ಓದಿ ಮೆಚ್ಚಿದವರು ಎಂಬುದನ್ನು ಇಲ್ಲಿ ನೆನೆಯಬೇಕು.

ಹಾಗಾದರೆ ಸೂಕ್ಷ್ಮವು ಎಲ್ಲಿ ಮುಗಿದು ಸ್ಥೂಲವು ಎಲ್ಲಿ ಆರಂಭವಾಗುತ್ತದೆ? ಬಹುಕಾಲ ಇದು ಮಾತಿನ ಮಲ್ಲರ ಪ್ರಶ್ನೆಯಾಗಿಯೇ ಉಳಿದಿತ್ತು. 1980ರಲ್ಲಿ ಆಂಟನಿ ಲೆಗೆಟ್ ಎಂಬ ಭೌತವಿಜ್ಞಾನಿ, ಇದನ್ನು ವಾದದಿಂದಲ್ಲ, ಪ್ರಯೋಗದಿಂದ ಕೇಳಬಹುದು ಎಂದು ದಾರಿ ತೋರಿದರು. ಅವರು ಆರಿಸಿಕೊಂಡದ್ದು ಅತಿವಾಹಕ ಲೋಹದ ವಿದ್ಯುತ್ ಮಂಡಲ. ಅತಿ ಶೀತದಲ್ಲಿ ಅಲ್ಯೂಮಿನಿಯಮ್ಮಿನಂಥ ಲೋಹ ವಿದ್ಯುತ್ತಿಗೆ ಯಾವ ತಡೆಯನ್ನೂ ಒಡ್ಡುವುದಿಲ್ಲ; ಅದರೊಳಗಿನ ಕೋಟ್ಯಂತರ ಎಲೆಕ್ಟ್ರಾನುಗಳು ಭಜನೆಯ ಮೇಳದಂತೆ ಒಂದೇ ಲಯದಲ್ಲಿ ಸಾಗುತ್ತವೆ. 1984 ಮತ್ತು 1985ರಲ್ಲಿ ಬರ್ಕ್ಲಿಯಲ್ಲಿ ಜಾನ್ ಕ್ಲಾರ್ಕ್, ಮಿಷೆಲ್ ಡೆವೊರೆ, ಜಾನ್ ಮಾರ್ಟಿನಿಸ್ ಎಂಬ ಮೂವರು, ಕೈಯಲ್ಲಿ ಹಿಡಿಯಬಹುದಾದಷ್ಟು ದೊಡ್ಡ ಮಂಡಲವೂ ಕ್ವಾಂಟಮ್ ನಿಯಮಕ್ಕೆ ತಲೆಬಾಗುತ್ತದೆಂದು ತೋರಿಸಿದರು. ನಲವತ್ತು ವರ್ಷಗಳ ಅನಂತರ, 2025ರಲ್ಲಿ, ಅದಕ್ಕಾಗಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು.

ಆ ವಂಶದ ಕೂಸೇ ಇಂದು ಪತ್ರಿಕೆಗಳಲ್ಲಿ ಹೆಸರು ಕೇಳುವ ಅತಿವಾಹಕ ಕ್ಯೂಬಿಟ್. ಇದನ್ನು ಹೊಸ ಬಗೆಯ ಗಣಕಯಂತ್ರಕ್ಕೆಂದು ಬೆಳೆಸಿದವರೇ ಹೆಚ್ಚು. ಕೆಲವರಿಗೆ ಮಾತ್ರ ಇದು ತೂಕವುಳ್ಳ, ಅಲುಗಾಡುವ ವಸ್ತುವನ್ನು ಪರೀಕ್ಷಿಸುವ ಸಾಧನವಾಗಿ ಕಂಡಿತು. ಕಂಪಿಸುವ ವಸ್ತುವಿನ ಶಕ್ತಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ; ಎಲ್ಲ ಮೆಟ್ಟಿಲುಗಳೂ ಒಂದೇ ಎತ್ತರ. ಕತ್ತಲಲ್ಲಿ ಅಂಥ ಮೆಟ್ಟಿಲೇರಿದವನಿಗೆ ತಾನು ಎಷ್ಟನೆಯದರಲ್ಲಿದ್ದೇನೆಂದು ಕಾಲಿನ ಅಂದಾಜಿನಿಂದ ತಿಳಿಯದು. ಕ್ಯೂಬಿಟ್ಟಿನ ಮೆಟ್ಟಿಲುಗಳಾದರೋ ಏರುಪೇರಾಗಿವೆ. ಆದ್ದರಿಂದ ಅದರ ಕೆಳಗಿನ ಎರಡನ್ನು ಮಾತ್ರ ಬೇರ್ಪಡಿಸಿ ಹಿಡಿಯಬಹುದು. ಸರಿಯಾಗಿ ಒಂದೇ ಒಂದು ಅಳತೆಯ ಶಕ್ತಿಯನ್ನು ಅದಕ್ಕೆ ಕೊಟ್ಟು, ಅದರ ಮೂಲಕ ಕಂಪಿಸುವ ವಸ್ತುವಿಗೆ ದಾಟಿಸಿ, ಮತ್ತೆ ಹಿಂದಕ್ಕೆ ಪಡೆದು ಲೆಕ್ಕ ನೋಡಬಹುದು.

2010ರಲ್ಲಿ ಅಮೆರಿಕದ ಸಾಂಟಾ ಬಾರ್ಬರಾದಲ್ಲಿ ಮಾರ್ಟಿನಿಸ್ ಮತ್ತು ಆಂಡ್ರೂ ಕ್ಲೀಲೆಂಡ್ ಅವರ ತಂಡ ಇದನ್ನೇ ಮಾಡಿತು. ಬರಿಗಣ್ಣಿಗೆ ಕಾಣುವುದೋ ಇಲ್ಲವೋ ಎನ್ನುವಷ್ಟು ಸಣ್ಣ ತೆಳುಹಾಳೆ. ಕಂಪನವೋ ಸೆಕೆಂಡಿಗೆ ಸುಮಾರು 600 ಕೋಟಿ ಸಲ. ಕೋಣೆಯ ಬಿಸಿಯಲ್ಲಿ ಅದರೊಳಗೆ ಸಾವಿರದಷ್ಟು ಶಕ್ತಿಯ ಅಳತೆಗಳು ಕುಣಿಯುತ್ತಿರುತ್ತವೆ. ಪರಮಶೂನ್ಯಕ್ಕಿಂತ ಒಂದು ಡಿಗ್ರಿಯ ನಲವತ್ತನೆಯ ಒಂದು ಪಾಲಷ್ಟೇ ಮೇಲಿನ ಶೀತಕ್ಕೆ ಇಳಿಸಿದಾಗ ಒಂದೂ ಉಳಿಯಲಿಲ್ಲವೆನ್ನುವಷ್ಟು ಅದು ನಿಶ್ಚಲವಾಯಿತು. ಆಮೇಲೆ ಕ್ಯೂಬಿಟ್ಟಿನಿಂದ ಒಂದೇ ಅಳತೆಯನ್ನು ದಾಟಿಸಿದರು. ಆ ಕಂಪನ ಬಾಳಿದ್ದು, ಒಂದು ಸೆಕೆಂಡನ್ನು ಹತ್ತು ಕೋಟಿ ಪಾಲು ಮಾಡಿದರೆ ಅದರ ಒಂದು ಪಾಲಿಗಿಂತಲೂ ಕಡಿಮೆ ಕಾಲ. 2023ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ಯಿವೆನ್ ಚು ಅವರ ತಂಡ ಇನ್ನೂ ಮುಂದೆ ಹೋಯಿತು. ನೀಲಮಣಿಯ ಹರಳೊಂದರ 16 ಮೈಕ್ರೊಗ್ರಾಮ್ ತೂಕದ ಕಂಪನವನ್ನು, ಅಂದರೆ ನುಣ್ಣನೆಯ ಮರಳಿನ ಒಂದು ಕಣದಷ್ಟನ್ನು, ಏಕಕಾಲಕ್ಕೆ ಎರಡು ವಿರುದ್ಧ ಬಗೆಯಲ್ಲಿ ತೂಗುವ ಬೆರಕೆ ಸ್ಥಿತಿಗೆ ತಂದಿತು. ಆ ಎರಡರ ನಡುವಿನ ಅಂತರ ಮಾತ್ರ ಪರಮಾಣುವಿನ ಬೀಜಕ್ಕಿಂತಲೂ ಎಷ್ಟೋ ಕಿರಿದು. ಬೆಕ್ಕು ಇನ್ನೂ ದೂರವೇ ಇದೆ. ಆದರೆ ದಾರಿ ಆ ದಿಕ್ಕಿಗೆ ಇದೆ.

ಈಗ ನಮ್ಮ ಪ್ರಶ್ನೆಗೆ ಬರೋಣ. ಈ ಬೆರಕೆ ಸ್ಥಿತಿಯನ್ನು ಕೆಡಿಸುವವರು ಯಾರು? ವಿಜ್ಞಾನಿಯ ಕಣ್ಣಲ್ಲ. ಹರಳಿನಿಂದ ಸೋರಿಹೋದ ಒಂದಿಷ್ಟು ಕಂಪನ, ಎಲ್ಲಿಂದಲೋ ನುಸುಳಿದ ಒಂದಿಷ್ಟು ಬಿಸಿ, ಲೋಹದ ಒಂದು ದೋಷ – ಇಷ್ಟು ಸಾಕು. ಪರಿಸರದ ಯಾವ ಕಸವಾದರೂ ವಸ್ತುವಿನ ಸುದ್ದಿಯನ್ನು ಹೊರಗೆ ಒಯ್ದರೆ, ಬೆರಕೆ ಮುರಿಯಿತು. ಜರ್ಮನಿಯ ಝೆಹ್ 1970ರಲ್ಲೂ ಝೂರೆಕ್ 1980ರ ದಶಕದಲ್ಲೂ ಇದನ್ನು ಗಣಿತದಿಂದ ಬಿಡಿಸಿ ತೋರಿದ್ದಾರೆ. ನಮ್ಮ ಮೇಜು ಕುರ್ಚಿಗಳು ಗಟ್ಟಿಯಾಗಿ ಒಂದೇ ಕಡೆ ಇರುವುದು ನಾವು ಅವನ್ನು ನೋಡುತ್ತಿರುವುದರಿಂದಲ್ಲ. ಬೆಳಕೂ ಗಾಳಿಯೂ ಬಿಸಿಯೂ ಎಡೆಬಿಡದೆ ಅವನ್ನು ಮುಟ್ಟುತ್ತಿರುವುದರಿಂದ. ಬಾಗಿಲು ಹಾಕಿದ ಕೋಣೆಯಲ್ಲಿಯೂ ಈ ಸಾಕ್ಷಿಗಳು ಕೆಲಸ ಮಾಡುತ್ತಲೇ ಇರುತ್ತವೆ. ಇವಕ್ಕೆ ಮನಸ್ಸಿಲ್ಲ, ಅರಿವಿಲ್ಲ. ವೇದಾಂತದ ಸಾಕ್ಷಿಗೂ ಇದಕ್ಕೂ ಹೆಸರೊಂದೇ, ನಂಟಿಲ್ಲ.

ಇದರಿಂದ ಎಲ್ಲವೂ ಬಗೆಹರಿಯಿತೆಂದಲ್ಲ. ಸಾಧ್ಯವಿದ್ದ ಎರಡರಲ್ಲಿ ಇದೇ ಒಂದು ಏಕೆ ಕೈಗೆ ಬಂತು ಎಂಬುದಕ್ಕೆ ಎಲ್ಲರೂ ಒಪ್ಪುವ ಉತ್ತರವಿಲ್ಲ. ವಸ್ತು ದೊಡ್ಡದಾದಂತೆ ಬೆರಕೆ ತಾನಾಗಿಯೇ ಮುರಿಯುತ್ತದೆಂದು ಇಟಲಿಯ ಗಿರಾರ್ಡಿ, ರಿಮಿನಿ, ವೆಬರ್ ಅವರು 1986ರಲ್ಲಿ ಒಂದು ಸಿದ್ಧಾಂತ ಮುಂದಿಟ್ಟರು. ಅದನ್ನು ಪರೀಕ್ಷಿಸಲೆಂದೂ ಹೆಚ್ಚು ಹೆಚ್ಚು ತೂಕದ ವಸ್ತುಗಳು ಬೇಕು. ಮನಸ್ಸೇ ಅಳತೆಯನ್ನು ಮುಗಿಸುತ್ತದೆ ಎಂದು 1961ರಲ್ಲಿ ವಾದಿಸಿದ ದೊಡ್ಡ ವಿಜ್ಞಾನಿ ಯೂಜಿನ್ ವಿಗ್ನರ್ ಇದ್ದರು. ಆದರೆ ಮುಂದೆ ಝೆಹ್ ಅವರ ವಿಚಾರವನ್ನು ತೂಗಿನೋಡಿ, ಆ ನಿಲುವಿನಿಂದ ತಾವೇ ಹಿಂದೆ ಸರಿದರು. ನಮ್ಮ ಉಪನ್ಯಾಸಕಾರರು 1961ರ ವಿಗ್ನರ್ ಅವರನ್ನು ಉದ್ಧರಿಸುತ್ತಾರೆ. ಹಿಂದೆ ಸರಿದ ವಿಗ್ನರ್ ಅವರನ್ನು ಬಿಟ್ಟುಬಿಡುತ್ತಾರೆ.

ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತಗಳ ನಡುವೆ ದುಡಿಯುವ ನಮಗೆ ಇದು ಪರಿಚಿತ ವಿಷಯ. ಇನ್ನೊಂದು ಕಡತದಲ್ಲಿ ಹೊರಟ ಆದೇಶವನ್ನು ತಂದು ನಮ್ಮ ಕಡತಕ್ಕೆ ಅಂಟಿಸಿದರೆ ಅದು ನಮ್ಮ ಆದೇಶವಾಗದು, ಎಷ್ಟೇ ದೊಡ್ಡವರ ಸಹಿ ಇದ್ದರೂ. ವಿಜ್ಞಾನದ ಸಹಿಯನ್ನು ತಂದು ವೇದಾಂತಕ್ಕೆ ಅಂಟಿಸುವುದೂ ಹಾಗೆಯೇ. ಅಷ್ಟೇ ಅಲ್ಲ, ಅದು ವೇದಾಂತಕ್ಕೆ ಮಾಡುವ ಅವಮಾನವೂ ಹೌದು. ಇಂದು ಜೂರಿಕ್‌ನ ಹರಳಿನಿಂದ ಮಾಯಾವಾದ ಗೆದ್ದಿತೆಂದು ಚಪ್ಪಾಳೆ ತಟ್ಟಿದವರು, ನಾಳೆ ಇಟಲಿಯವರ ಸಿದ್ಧಾಂತವೇ ಸರಿಯೆಂದು ಕಂಡುಬಂದರೆ ಮಾಯಾವಾದ ಸೋತಿತೆಂದು ಒಪ್ಪುತ್ತಾರೆಯೇ? ಒಪ್ಪಲಾರರು, ಒಪ್ಪಬೇಕಾಗಿಯೂ ಇಲ್ಲ. ಲಾಭ ಬಂದಾಗ ಮಾತ್ರ ಪಾಲು ಕೇಳಿ ನಷ್ಟದ ದಿನ ಕಾಣೆಯಾಗುವವನು ಪಾಲುದಾರನಲ್ಲ. ಆಚಾರ್ಯರುಗಳು ತಮ್ಮ ಮಾತಿಗೆ ತಾವೇ ಪ್ರಮಾಣ ಒದಗಿಸಿ ಶತಮಾನಗಳ ಕಾಲ ವಾದಿಸಿದವರು. ಶೀತಯಂತ್ರದ ಆಸರೆ ಅವರಿಗೆ ಬೇಕಿರಲಿಲ್ಲ.

ಹೊರನಾಡಿನಲ್ಲಿ ಸಂಸಾರ ಹೂಡಿದ ನಮಗೆ ಇದು ಬರಿಯ ತರ್ಕವಲ್ಲ. ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುವುದು ಬೇರೆ ಭಾಷೆಯಲ್ಲಿ. ಕನ್ನಡವೂ ಹಬ್ಬಹರಿದಿನಗಳೂ ಪುರಾಣದ ಕಥೆಗಳೂ ಅವರಿಗೆ ನಮ್ಮ ಬಾಯಿಂದಲೇ ದಾಟಬೇಕು. ಅವರಲ್ಲಿ ಕೆಲವರು ನಾಳೆ ಭೌತವಿಜ್ಞಾನವನ್ನೇ ಓದಿಯಾರು. ನಮ್ಮ ಮುಂಬಯಿಯ ಕೊಲಾಬಾದಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅತಿವಾಹಕ ಕ್ಯೂಬಿಟ್ಟುಗಳ ಕೆಲಸ ನಡೆದಿದೆ. ಕ್ಯೂಬಿಟ್ಟನ್ನೂ ಕಂಪಿಸುವ ಎಳೆಯನ್ನೂ ಜೋಡಿಸಿದ ಪ್ರಯೋಗವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2021ರಲ್ಲಿ ಪ್ರಕಟಿಸಿದ್ದಾರೆ. ಅಂಥ ಕಡೆ ಕಲಿತು ಬಂದ ಮಗಳು, “ಅಪ್ಪಾ, ನೀವು ಹೇಳಿದ ಹಾಗೆ ಅಲ್ಲಿ ಏನೂ ಇಲ್ಲವಲ್ಲ” ಎಂದ ದಿನ, ಒಂದು ಉತ್ಪ್ರೇಕ್ಷೆಯ ಜೊತೆಗೆ ನಾವು ಕಲಿಸಿದ ಉಳಿದದ್ದರ ಮೇಲೂ ಅವಳಿಗೆ ಸಂಶಯ ಹುಟ್ಟೀತು. ನಿಜವಾದ ಚಿನ್ನದ ಜೊತೆಗೆ ಒಂದೇ ಒಂದು ಗಿಲೀಟಿನ ಬಳೆ ಇಟ್ಟು ಕೊಟ್ಟರೂ, ಪಡೆದವರು ಪೆಟ್ಟಿಗೆಯನ್ನೆಲ್ಲ ಒರೆಗೆ ಹಚ್ಚುತ್ತಾರೆ.

ಆದಕಾರಣ ಹರಳಿನ ಕಥೆಯನ್ನು ಮಕ್ಕಳಿಗೆ ಧಾರಾಳವಾಗಿ ಹೇಳೋಣ. ಅದು ಸ್ವತಃ ಸೋಜಿಗದ ಕಥೆ, ಅಲಂಕಾರ ಬೇಡ. ವೇದಾಂತವನ್ನೂ ಹೇಳೋಣ, ಅದಕ್ಕೂ ಸಾಲದ ಒಡವೆ ಬೇಡ. ಒಂದು ಇನ್ನೊಂದನ್ನು ಸಿದ್ಧಪಡಿಸಿತೇ ಎಂದು ಅವರು ಕೇಳಿದರೆ, “ಇಲ್ಲ, ಇವು ಬೇರೆ ಬೇರೆ ಪ್ರಶ್ನೆಗಳು” ಎನ್ನುವ ಧೈರ್ಯ ಇರಲಿ. ಸಾಕ್ಷಿ ಎಂಬ ಮಾತಿಗೆ ನಮ್ಮ ಭಾಷೆಯಲ್ಲಿ ಇನ್ನೂ ಒಂದು ಮನೆಯಿದೆ: ಮನಸ್ಸಾಕ್ಷಿ. ಹರಳನ್ನು ಅದು ಅಲುಗಿಸಲಾರದು. ಹರಳಿನ ಬಗ್ಗೆ ನಾವು ಆಡುವ ಮಾತಿಗೆ ಮಾತ್ರ ಅದೇ ಹೊಣೆ.