ಇಂದಿನ ಧಮ್ಮ ಚಿಂತನೆ: ಸಿಡಿಲು ಯಾರ ಕರ್ಮ?



ನಾನು ಚಿಕ್ಕವನಿದ್ದಾಗ ನಮ್ಮ ಅಬಲೂರಿನ ಹೊಲದಲ್ಲಿ, ಮುಂಗಾರಿನ ಬಿತ್ತನೆ ಹೊತ್ತಿಗೆ, ಅಣ್ಣ ಸಿಡಿಲು ಬಡಿದು ಸತ್ತ. ಸಮಾಧಾನ ಹೇಳಲು ಬಂದವರು, "ಹಿಂದಿನ ಜನ್ಮದ ಕರ್ಮ, ಏನ್ ಮಾಡಾಕಾಗ್ತದ" ಅಂದರು. ಮಗ ಮಾಡಿದ ಪಾಪ ಯಾವುದು ಅಂತ ನಮ್ಮವ್ವ ಕೊನೆತನಕ ಹುಡುಕುತ್ತಲೇ ಇದ್ದಳು. ಸಿಡಿಲಿಗಿಂತ ಆ ಮಾತು ಅವಳನ್ನು ಹೆಚ್ಚು ಸುಟ್ಟಿತು.

ಮೊನ್ನೆ ನಮ್ಮ ಅಧ್ಯಯನ ಬಳಗದಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಒಂದು ಸಂಗತಿ ವಿವರಿಸಿದಳು. 2022ರ ಅಕ್ಟೋಬರ್ 9ರಂದು ಗಾಮಾ ಕಿರಣಗಳ ಭಾರೀ ಸ್ಫೋಟದ ಬೆಳಕು ಭೂಮಿಯನ್ನು ತಲುಪಿತು. ದೂರದ ದೊಡ್ಡ ನಕ್ಷತ್ರವೊಂದು ಕುಸಿದಾಗ ಹೊರಟ ಆ ಕಿರಣ ಸುಮಾರು 190 ಕೋಟಿ ವರ್ಷ ಪಯಣಿಸಿತ್ತು. ಆದರೂ ನಮ್ಮ ವಾತಾವರಣದ ಮೇಲಿನ ಪದರವನ್ನು ಕೆಲವು ಗಂಟೆ ಕದಡಿತು. ಇಸ್ರೋದ ಆಸ್ಟ್ರೋಸ್ಯಾಟ್ ಅದನ್ನು ದಾಖಲಿಸಿತು. ಭಾರತದಲ್ಲಿನ ಸಿಡಿಲು ಪತ್ತೆ ಯಂತ್ರಗಳಿಗೂ ಅದರ ಸುಳಿವು ಸಿಕ್ಕಿತು.

ಅದು ಹತ್ತಿರದಲ್ಲೇ ಸಂಭವಿಸಿ ನಮ್ಮತ್ತ ತಿರುಗಿದ್ದರೆ? ಕಿರಣ ಕ್ಷಣದಲ್ಲಿ ಬಂದು ಹೋಗುತ್ತದೆ. ಆದರೆ ಗಾಳಿಯ ಸಾರಜನಕದ ಅಣುಗಳು ಒಡೆದು, ಅದರಿಂದ ಹುಟ್ಟುವ ನೈಟ್ರೋಜನ್ ಆಕ್ಸೈಡುಗಳು ಓಜೋನ್ ಪದರವನ್ನು ಸವೆಸುತ್ತವೆ. ಆಮೇಲೆ ವರ್ಷಗಟ್ಟಲೆ ಸೂರ್ಯನ ನೇರಳಾತೀತ ಕಿರಣಗಳೇ ಬೆಳೆಯನ್ನೂ ಕಡಲ ಮೇಲ್ಪದರದ ಸಣ್ಣ ಜೀವಿಗಳನ್ನೂ ಸುಡುತ್ತವೆ. ಆಳದ ನೀರಿನಲ್ಲಿ, ನೆಲದೊಳಗೆ ಇರುವವು ಹೆಚ್ಚಾಗಿ ಉಳಿಯುತ್ತವೆ. ಉಳಿಯುವುದು ಪುಣ್ಯದಿಂದಲ್ಲ, ಮೇಲೆ ನೀರು, ಮಣ್ಣು ಇರುವುದರಿಂದ.

ಸುಮಾರು 44.5 ಕೋಟಿ ವರ್ಷಗಳ ಹಿಂದೆ ಕಡಲ ಜೀವಿಗಳು ದೊಡ್ಡ ಪ್ರಮಾಣದಲ್ಲಿ ಅಳಿದದ್ದಕ್ಕೆ ಇಂಥದೇ ಸ್ಫೋಟ ಕಾರಣವಿರಬಹುದೆಂದು ಕೆಲವು ವಿಜ್ಞಾನಿಗಳು ಊಹಿಸಿದ್ದಾರೆ, ಅದು ಸಾಬೀತಾಗಿಲ್ಲ. ಕಾರಣ ಏನೇ ಇರಲಿ, ಆಗ ಮನುಷ್ಯನೇ ಇರಲಿಲ್ಲ. ಪಾಪ ಮಾಡಿದವರು ಯಾರು?

ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲವೇ ಎಂದು ಸೀವಕನೆಂಬ ಪರಿವ್ರಾಜಕ ಬುದ್ಧರನ್ನು ಕೇಳಿದ. ಬುದ್ಧರು ಒಪ್ಪಲಿಲ್ಲ. ಪಿತ್ತ, ಕಫ, ವಾತ, ಋತುಗಳ ಬದಲಾವಣೆ ಮುಂತಾದ ಬೇರೆ ಕಾರಣಗಳನ್ನೂ ಎಣಿಸಿದರು. ಇದು ಸಂಯುತ್ತ ನಿಕಾಯದಲ್ಲಿದೆ. ಬಡವರ ಪಾಡಿಗೆ ಅವರ ಹಿಂದಿನ ಜನ್ಮವೇ ಕಾರಣ ಎಂಬ ವಾದವನ್ನು ಬಾಬಾಸಾಹೇಬರೂ ತಳ್ಳಿಹಾಕಿದರು. ಹಾಗೆ ಹೇಳಿಬಿಟ್ಟರೆ ಸಮಾಜ ತನ್ನ ಹೊಣೆಯಿಂದ ಜಾರಿಕೊಳ್ಳುತ್ತದೆ.

ಇಂದಿನ ಅಭ್ಯಾಸ: ದುಃಖದಲ್ಲಿರುವವರ ಮನೆಗೆ ಹೋದರೆ ಕರ್ಮದ ಮಾತು ಆಡಬೇಡಿ. ಪಕ್ಕದಲ್ಲಿ ಕುಳಿತುಕೊಳ್ಳಿ. ಗುಡುಗುವಾಗ ಮಕ್ಕಳನ್ನು ಮರದ ಕೆಳಗಿನಿಂದ ಮನೆಯೊಳಗೆ ಕರೆತನ್ನಿ. ಕಾರಣ ತಿಳಿದವರ ಕರುಣೆ ಹಾಗಿರುತ್ತದೆ.

ನಿನ್ನ ಮಗ ಯಾವ ಪಾಪವನ್ನೂ ಮಾಡಿರಲಿಲ್ಲ ಅಂತ ಅವ್ವನಿಗೆ ಹೇಳಲು ನಾನು ತಡಮಾಡಿದೆ. ನೀವು ತಡಮಾಡಬೇಡಿ.

ಎಲ್ಲ ಜೀವಿಗಳಿಗೂ ಮಂಗಳವಾಗಲಿ. ಜೈ ಭೀಮ್ 💙