ಎಳೆಯುವವರು ಯಾರು?

ಕಳೆದ ತಿಂಗಳು ಬಂಟ್ವಾಳದ ನಮ್ಮ ಮನೆಗೆ ಬಂದಿದ್ದ ಅಕ್ಕನ ಮಗ ಮೊಬೈಲಿನಲ್ಲಿ ಒಂದು ವೀಡಿಯೊ ತೋರಿಸಿದ. ಮುಂದೆ ಬೋಟು, ಹಿಂದೆ ಹಗ್ಗ, ಹಗ್ಗದ ತುದಿಯಲ್ಲಿ ಹಲಗೆಯ ಮೇಲೆ ನಿಂತ ಹುಡುಗಿ. ವೇಕ್‌ಬೋರ್ಡಿಂಗ್ ಅಂತೆ. "ದೊಡ್ಡ ಬೋಟು ಬೇಕಿಲ್ಲ ಮಾವ. ಕಲಿಯಲು ಹಳೆಯದೊಂದು ಸಣ್ಣ ಫೈಬರ್ ಬೋಟು, ಔಟ್‌ಬೋರ್ಡ್ ಎಂಜಿನ್ ಇದ್ದರೆ ಸಾಕು. ಅರ್ಧ ದುಡ್ಡು ನೀವು ಹಾಕಿ" ಎಂದ. ಮನೆಯ ಹಿಂದೆಯೇ ನೇತ್ರಾವತಿ. ಆಯಿತು ಎಂದುಬಿಟ್ಟೆ.

ಕಲಿಯುವ ಕ್ರಮವನ್ನೂ ಅವನೇ ವಿವರಿಸಿದ. ಲೈಫ್ ಜಾಕೆಟ್ ತೊಟ್ಟು, ಹಲಗೆಗೆ ಪಾದ ಬಿಗಿದು, ಮೊಣಕಾಲು ಮಡಚಿ ನೀರಿನಲ್ಲಿ ಕುಳಿತಿರಬೇಕು. ಬೋಟು ನಿಧಾನವಾಗಿ ಹೊರಡಬೇಕು. ಏಳುವ ಆತುರಕ್ಕೆ ಹಗ್ಗವನ್ನು ತನ್ನತ್ತ ಎಳೆದುಕೊಂಡವನು ಬೀಳುತ್ತಾನೆ. ಕೈ ನೀಡಿ ಎಳೆತಕ್ಕೆ ಒಪ್ಪಿಸಿಕೊಂಡವನು ಏಳುತ್ತಾನೆ. ಬೋಟಿನಲ್ಲಿ ಇಬ್ಬರಿರಬೇಕು: ನಡೆಸಲು ಒಬ್ಬ, ಹಿಂದೆ ಬಿದ್ದವನನ್ನು ಗಮನಿಸಲು ಇನ್ನೊಬ್ಬ.

ಕೇಳುತ್ತಾ ನನಗೆ ಕಂಬಳ ನೆನಪಾಯಿತು. ಮೂಡುಬಿದಿರೆಯ ಕಡಲಕೆರೆಯಲ್ಲೋ ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲೋ ಕನೆಹಲಗೆ ನೋಡಿದವರಿಗೆ ಇದು ತೀರಾ ಹೊಸದಲ್ಲ. ಕೋಣಗಳ ಹಿಂದಿನ ತುಂಡು ಹಲಗೆಯ ಮೇಲೆ ಕಾಲೂರಿ ಒಬ್ಬ ನಿಲ್ಲುತ್ತಾನೆ. ಹಲಗೆಯ ತೂತುಗಳಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆ ಮುಟ್ಟಬೇಕು. ಆರೂವರೆ ಕೋಲು, ಏಳೂವರೆ ಕೋಲು ಎಂದು ಅದರ ಲೆಕ್ಕ.

"ನಮ್ಮಲ್ಲೂ ಇದೆಯಲ್ಲ ಮಾರಾಯ" ಎಂದೆ.

"ಇದೆ. ಆದರೆ ಎಂಜಿನ್‌ಗೆ ನೋವಾಗುವುದಿಲ್ಲ."

ಮಾತು ಚುಚ್ಚಿತು. ಹಲವು ವರ್ಷಗಳ ಹಿಂದೆ ಒಂದು ಕಂಬಳದಲ್ಲಿ ಕೋಣದ ಬೆನ್ನಿನ ಬಾಸುಂಡೆ ಕಂಡೂ ಬೊಬ್ಬೆ ಹೊಡೆದು ಹುರಿದುಂಬಿಸಿದವನು ನಾನು. 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಕಂಬಳ ನಿಂತಿತು. 2017ರಲ್ಲಿ ರಾಜ್ಯ ಕಾನೂನಿಗೆ ತಿದ್ದುಪಡಿ ತಂದಿತು, 2023ರಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಅಷ್ಟರಿಂದ ನನ್ನ ಬೊಬ್ಬೆ ಸರಿಯಾಯಿತೇ? ಕಾನೂನು ಆಟಕ್ಕೆ ಅನುಮತಿ ಕೊಡಬಹುದು. ಆಟ ನೋಡಿ ಖುಷಿಪಟ್ಟವನ ಲೆಕ್ಕವನ್ನು ಅದು ಚುಕ್ತಾ ಮಾಡುವುದಿಲ್ಲ.

ಹಾಗಾದರೆ ಎಂಜಿನ್ ನಿರ್ದೋಷಿಯೇ? ಸಂಜೆ ಹೊಳೆಬದಿಗೆ ಹೋಗಿ ನಿಂತೆ. ವೇಕ್ ಎಂದರೆ ಬೋಟು ಸಾಗಿದ ಮೇಲೆ ಹಿಂದೆ ಉಳಿಯುವ ಅಲೆ. ಆಟಗಾರ ಅದರ ಮೇಲೆ ಜಿಗಿಯುತ್ತಾನೆ, ಅದು ಎಲ್ಲಿಗೆ ಹೋಯಿತೆಂದು ತಿರುಗಿ ನೋಡುವುದಿಲ್ಲ. ಅದು ಬಂದು ಬಡಿಯುವುದು ದಡದ ಮಣ್ಣಿಗೆ, ಬಲೆ ಹಾಕಿ ಕುಳಿತವನ ದೋಣಿಗೆ. ಎಂಜಿನ್ನಿನಿಂದ ಸೋರಿದ ಎಣ್ಣೆ ಸೇರುವುದು ಕೆಳಗೆ ತುಂಬೆ ಅಣೆಕಟ್ಟಿನಿಂದ ಮಂಗಳೂರು ಕುಡಿಯುವ ನೀರಿಗೆ. ಕೋಣಕ್ಕೆ ಕಣ್ಣಿದೆ, ಮುಖವಿದೆ. ಅದರ ಸಂಕಟ ದೆಹಲಿಯ ಕೋರ್ಟಿನವರೆಗೂ ಹೋಯಿತು. ದಡಕ್ಕೆ ಮುಖವಿಲ್ಲ.

ಯಾರಿಗೂ ಭಾರವಾಗದ ಸಂತೋಷ ಬೇಕೆಂದರೆ ಮನೆಯಲ್ಲಿ ಸುಮ್ಮನೆ ಕೂರಬೇಕಾದೀತು. ಹುಡುಗನಿಗೆ ಅದನ್ನು ಹೇಳಲು ನನಗೆ ಮನಸ್ಸಿಲ್ಲ. ಸಣ್ಣ ಬೋಟಿನ ಅಲೆಯೂ ಸಣ್ಣದು ಎಂಬುದು ನಿಜ. ಆದರೆ ನನ್ನ ಖುಷಿಯನ್ನು ಎಳೆಯುತ್ತಿರುವವರು ಯಾರು, ಅದರ ಅಲೆ ತಗಲುವುದು ಯಾರಿಗೆ ಎಂದು ಕೇಳದೆ ಹಗ್ಗ ಹಿಡಿಯುವುದು ತಪ್ಪು ಅನ್ನಿಸುತ್ತದೆ. ಹಿಂದೆ ನೋಡಲೆಂದು ಬೋಟಿನಲ್ಲಿ ಕೂರುವ ಆ ಎರಡನೆಯವನು ಬಿದ್ದವನನ್ನಷ್ಟೇ ಅಲ್ಲ, ದಡವನ್ನೂ ನೋಡಬೇಕು.

ಮರುದಿನ ಇಬ್ಬರೂ ಬಲೆ ಹಾಕುವವನ ಬಳಿ ಹೋಗಿ ಕೇಳಿದೆವು. ಅವನು ನಕ್ಕ. "ಯಾವತ್ತು ಬರುತ್ತೀರೆಂದು ಮೊದಲೇ ಹೇಳಿ ಅಣ್ಣ, ಆ ದಿನ ನಾನು ಬಲೆ ಹಾಕುವುದಿಲ್ಲ" ಎಂದ.

ಬೋಟಿನ ಬೆಲೆ ಕಡಿಮೆ ಎಂದು ನಾವಿಬ್ಬರೂ ಲೆಕ್ಕ ಹಾಕಿದ್ದೆವು. ಅವನ ಒಂದು ದಿನದ ಮೀನು ಆ ಲೆಕ್ಕದಲ್ಲಿ ಇರಲಿಲ್ಲ. ದಾರಿಯುದ್ದಕ್ಕೂ ಹುಡುಗ ಮಾತಾಡಲಿಲ್ಲ. ದುಡ್ಡು ಇನ್ನೂ ನನ್ನ ಬಳಿಯೇ ಇದೆ.